ಒಂದೇ ಊರಲ್ಲಿ ಮುಗಿದುಹೋಗುವ ಕಪ್

ಮಾನ್ಯ ಸಂಪಾದಕರೇ,

2025ರ ಮೇ 3ರಂದು ಎಫ್‌ಸಿ ಗೋವಾ ಜಮ್ಶೆಡ್‌ಪುರವನ್ನು 3-0ಯಿಂದ ಸೋಲಿಸಿ, ಭಾರತದ ಫುಟ್‌ಬಾಲ್ ಕ್ಲಬ್‌ಗಳ ನಾಕೌಟ್ ಟೂರ್ನಿಯಾದ ಸೂಪರ್ ಕಪ್ ಗೆದ್ದಿತು. ಬೋರ್ಹಾ ಹೆರೇರಾ ಎರಡು ಗೋಲು ಹೊಡೆದರು. ವಾಸ್ಕೋದಲ್ಲಿರುವ ನಾವು ಕನ್ನಡಿಗರೂ ಖುಷಿಪಟ್ಟೆವು. ಆದರೆ ಆ ಪಂದ್ಯ ನಡೆದದ್ದು ಭುವನೇಶ್ವರದಲ್ಲಿ, ಅಲ್ಲಿಗೆ ಇಲ್ಲಿಂದ ಎಷ್ಟು ಜನ ಹೋಗಲು ಸಾಧ್ಯ?

ಬೆಂಗಳೂರು ಎಫ್‌ಸಿಯ ಕಥೆಯೂ ನೋಡಿ. 2018ರಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4-1ರಿಂದ ಮೊದಲ ಸೂಪರ್ ಕಪ್ ಗೆದ್ದ ತಂಡ, 2025ರ ಏಪ್ರಿಲ್‌ನಲ್ಲಿ ಮೊದಲ ಪಂದ್ಯದಲ್ಲೇ, ಆಗ ಎರಡನೇ ದರ್ಜೆಯ ಐ-ಲೀಗ್‌ನಲ್ಲಿದ್ದ ಇಂಟರ್ ಕಾಶಿ ಎದುರು ಪೆನಾಲ್ಟಿಯಲ್ಲಿ ಸೋತು ಮನೆಗೆ ಬಂತು. ಸಣ್ಣ ಕ್ಲಬ್ ದೊಡ್ಡದನ್ನು ಕೆಡವುವುದೇ ನಾಕೌಟ್‌ನ ಸೊಗಸು, ಅದಕ್ಕೆ ನನ್ನ ತಕರಾರಿಲ್ಲ. ಅಂಥ ಪಂದ್ಯ ಆ ಕ್ಲಬ್‌ಗಳ ಊರಲ್ಲೇ, ಅವರ ಜನರ ಮುಂದೆ ನಡೆಯಬೇಕು ಅಲ್ವಾ? ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ ಸಣ್ಣ ಊರಿನ ಮೈದಾನಕ್ಕೆ ದೊಡ್ಡ ತಂಡ ಬಂದು ಆಡುತ್ತದೆ. ನಮ್ಮಲ್ಲಿ ಆ ಸಲ ಎಲ್ಲರನ್ನೂ ಒಂದೇ ಊರಿಗೆ ಕರೆಸಿ, ಎರಡು ವಾರದೊಳಗೆ ಕಪ್ ಮುಗಿಸಿಬಿಟ್ಟರು. ಖರ್ಚು ಜಾಸ್ತಿ ಅನ್ನುವುದು ನಿಜ. ಕೊನೇಪಕ್ಷ ಮೊದಲ ಸುತ್ತನ್ನಾದರೂ ಎರಡನೇ ದರ್ಜೆಯ ಕ್ಲಬ್‌ಗಳ ಊರಲ್ಲಿ ಆಡಿಸಲಿ.

ನಿಮ್ಮಲ್ಲೂ ಒಂದು ವಿನಂತಿ. ಐಪಿಎಲ್ ಸಮಯದಲ್ಲಿ ಇಂಥ ಟೂರ್ನಿಯ ಸುದ್ದಿ ಮೂಲೆಗೆ ಹೋಗುತ್ತದೆ. ದಿನಕ್ಕೆ ಅರ್ಧ ಕಾಲಂ ಕೊಟ್ಟರೂ ಸಾಕು, ಇಲ್ಲಿನ ನಮ್ಮ ಹುಡುಗರು ಕನ್ನಡದಲ್ಲೇ ಫುಟ್‌ಬಾಲ್ ಓದುತ್ತಾರೆ.

— ಓದುಗ, ವಾಸ್ಕೋ, ಗೋವಾ