ಕುಣಿದವರು ಕಲಿಸಲು ನಿಂತಾಗ

ಬೆಳಗಾವಿಯ ಟಿಳಕವಾಡಿಯಿಂದ ಬಂದು ಬ್ರಿಟನ್ನಿನಲ್ಲಿ ನೆಲೆಸಿದ ಕುಟುಂಬವೊಂದರ ಮಗಳು, ನಮ್ಮ ಸಂಘದ ಯುಗಾದಿ, ರಾಜ್ಯೋತ್ಸವಗಳಲ್ಲಿ ಚಿಕ್ಕಂದಿನಿಂದಲೂ ನಾವೆಲ್ಲ ನೋಡುತ್ತ ಬಂದವರು, ಬಹುಕಾಲ ಬ್ಯಾಲೆ ತಂಡವೊಂದರಲ್ಲಿ ಕುಣಿದು ಈ ವರ್ಷ ರಂಗದಿಂದ ಇಳಿದಿದ್ದಾರೆ. ಬರುವ ತಿಂಗಳಿಂದ ಪ್ರತಿ ಶನಿವಾರ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ನೃತ್ಯ ಕಲಿಸಲು ಅವರು ಒಪ್ಪಿದ್ದಾರೆ. ತಮ್ಮ ಹೆಸರು ಹಾಕಬಾರದೆಂದು ಕೇಳಿಕೊಂಡಿರುವುದರಿಂದ ಇಲ್ಲಿ ಹೆಸರಿಸಿಲ್ಲ. ಸುದ್ದಿ ತಿಳಿದಾಗ ಸದಸ್ಯರಲ್ಲಿ ಹಲವರ ಬಾಯಿಂದ ಬಂದ ಮೊದಲ ಮಾತು ಮರುಕದ್ದು: "ಪಾಪ, ಇನ್ನೂ ನಲವತ್ತಾಗಿಲ್ಲ, ಆಗಲೇ ಮುಗೀತಲ್ಲ!" ಆ ಮರುಕದ ಹಿಂದೆ ಪ್ರೀತಿ ಇದೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದಕ್ಕೆ ಆಧಾರವಿಲ್ಲವೆಂದು ನನಗೆ ಅನ್ನಿಸಿದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಬ್ಯಾಲೆ ಕಲಾವಿದರ ರಂಗದ ಆಯುಷ್ಯ ಚಿಕ್ಕದು ಎಂಬುದು ನಿಜ. ಸೇಂಟ್ ಪೀಟರ್ಸ್‌ಬರ್ಗಿನ ಹೆಸರಾಂತ ಶಾಲೆಯಲ್ಲಿ 10 ವರ್ಷದ ಮಗುವನ್ನು ಸೇರಿಸಿಕೊಂಡು 8 ವರ್ಷ ತಯಾರು ಮಾಡುತ್ತಾರೆ. 18ರ ಹೊತ್ತಿಗೆ ತಂಡ ಸೇರಿದವರಲ್ಲಿ ಹೆಚ್ಚಿನವರು ಸಮೂಹ ನೃತ್ಯದಲ್ಲೇ ಉಳಿಯುತ್ತಾರೆ, ಕೆಲವರಷ್ಟೇ ಮುಖ್ಯ ಪಾತ್ರಗಳಿಗೆ ಏರುತ್ತಾರೆ, ಮತ್ತು 35ರಿಂದ 40ರ ನಡುವೆ ಬಹುತೇಕ ಎಲ್ಲರೂ ರಂಗ ಬಿಡುತ್ತಾರೆ. ಹರಡು, ಮೊಣಕಾಲು, ಸೊಂಟದ ಕೀಲುಗಳು ಅಷ್ಟು ವರ್ಷಗಳ ನೆಗೆತವನ್ನು ತಾಳಿಕೊಳ್ಳುವುದೇ ದೊಡ್ಡದು. ಆದರೆ ಇದೇ ವೃತ್ತಿಗೆ ಇನ್ನೊಂದು ಮುಖವಿದೆ. ರಾತ್ರಿ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ ನಾಯಕಿಯೂ ಮರುದಿನ ಬೆಳಿಗ್ಗೆ, ನಿನ್ನೆ ಮೊನ್ನೆ ತಂಡ ಸೇರಿದ ಹುಡುಗಿಯ ಪಕ್ಕದಲ್ಲೇ, ಗೋಡೆಗೆ ಹೊಂದಿಸಿದ ಅದೇ ಮರದ ಸರಳನ್ನು ಹಿಡಿದು, ಮೊಣಕಾಲು ಬಗ್ಗಿಸುವ ಮೊದಲ ಪಾಠದಿಂದಲೇ ಶುರುಮಾಡುತ್ತಾಳೆ. ಆ ತರಗತಿಯಲ್ಲಿ ತಿದ್ದಿಸಿಕೊಳ್ಳದವರು ಯಾರೂ ಇಲ್ಲ. ಹೀಗೆ ಜೀವನವಿಡೀ ಕಲಿಯುತ್ತಲೇ ಇರುವವರಿಗೆ ಕಲಿಸುವುದು ಹೊರಗಿನ ಕೆಲಸವಲ್ಲ.

ಇದಕ್ಕೆ ಅಗ್ರಿಪ್ಪಿನಾ ವಗನೋವಾ ಅವರ ಬದುಕಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1879ರಲ್ಲಿ ಹುಟ್ಟಿದ ವಗನೋವಾ ಸೇಂಟ್ ಪೀಟರ್ಸ್‌ಬರ್ಗಿನ ಅದೇ ಶಾಲೆಯಲ್ಲಿ (ಆಗ ಅದು ರಷ್ಯಾದ ಸಾಮ್ರಾಜ್ಯಶಾಹಿ ಶಾಲೆ) ಕಲಿತು, 1897ರಲ್ಲಿ ತಂಡ ಸೇರಿ, ಚಿಕ್ಕ ಚಿಕ್ಕ ಏಕವ್ಯಕ್ತಿ ನೃತ್ಯಗಳಲ್ಲಿ ಸರಿಸಾಟಿ ಇಲ್ಲದವರೆಂದು ಹೆಸರು ಪಡೆದರೂ, ಬ್ಯಾಲೆರಿನಾ ಎಂಬ ಉನ್ನತ ದರ್ಜೆ ಅವರಿಗೆ ಸಿಕ್ಕಿದ್ದು 1915ರಲ್ಲಿ. ಮರುವರ್ಷವೇ ಅವರು ರಂಗ ಬಿಟ್ಟರು. ಅಲ್ಲಿಗೆ ಮುಗಿದಿದ್ದರೆ ಇಂದು ಅವರ ಹೆಸರು ಹೇಳುವವರು ಎಷ್ಟು ಜನ ಇರುತ್ತಿದ್ದರೋ. 1921ರಲ್ಲಿ ತಾವು ಕಲಿತ ಶಾಲೆಗೇ ಶಿಕ್ಷಕಿಯಾಗಿ ಮರಳಿದ ವಗನೋವಾ, ಕಾಲಷ್ಟೇ ಅಲ್ಲದೆ ಬೆನ್ನು, ತೋಳು, ತಲೆ ಎಲ್ಲವೂ ಒಟ್ಟಿಗೆ ಚಲಿಸಬೇಕು ಮತ್ತು ಪ್ರತಿ ಅಭ್ಯಾಸವನ್ನು ಏಕೆ ಮಾಡುತ್ತಿದ್ದೇವೆಂದು ಮಗುವಿಗೆ ತಿಳಿದಿರಬೇಕು ಎಂಬ ನಿಲುವಿನಿಂದ ಒಂದು ಬೋಧನಾ ಪದ್ಧತಿಯನ್ನೇ ಕಟ್ಟಿ, 1934ರಲ್ಲಿ ಅದನ್ನು ಪುಸ್ತಕವಾಗಿಸಿದರು. ಹೆಸರಾಂತ ಕಲಾವಿದೆಯರಾದ ಮರೀನಾ ಸೆಮ್ಯೊನೊವಾ, ಗಲೀನಾ ಉಲನೋವಾ ಇಬ್ಬರೂ ವಗನೋವಾ ಅವರ ಶಿಷ್ಯೆಯರು. ಉಲನೋವಾ ಕೂಡ 1960ರ ಸುಮಾರಿಗೆ ಕುಣಿಯುವುದನ್ನು ನಿಲ್ಲಿಸಿ, ನಂತರ ದಶಕಗಟ್ಟಲೆ ಮಾಸ್ಕೋದ ಬೊಲ್ಶೊಯ್ ತಂಡದ ಕಿರಿಯರನ್ನು ತಿದ್ದುವುದರಲ್ಲೇ ತೊಡಗಿಕೊಂಡರು. ವಗನೋವಾ ಕಲಿತು ಕಲಿಸಿದ ಆ ಶಾಲೆಗೆ 1957ರಿಂದ ಅವರದೇ ಹೆಸರು.

ಚೆನ್ನಾಗಿ ಕುಣಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆಂದು ಇದರ ಅರ್ಥವಲ್ಲ. ತನ್ನ ದೇಹಕ್ಕೆ ಸಲೀಸಾಗಿ ಬಂದದ್ದು ಇನ್ನೊಂದು ದೇಹಕ್ಕೆ ಏಕೆ ಬರುತ್ತಿಲ್ಲವೆಂದು ಕಂಡುಹಿಡಿಯುವುದು ಬೇರೆಯೇ ವಿದ್ಯೆ. ಲಂಡನ್ನಿನಲ್ಲಿ 1920ರಲ್ಲಿ ಅಡೆಲೀನ್ ಜೆನೆ, ತಮಾರಾ ಕರ್ಸಾವಿನಾ ಮೊದಲಾದ ಕಲಾವಿದರು ಸೇರಿ ಇಂದಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್ ಅನ್ನು ಕಟ್ಟಿದ್ದೇ ಈ ನಾಡಿನಲ್ಲಿ ನೃತ್ಯ ಬೋಧನೆಯ ಮಟ್ಟವನ್ನು ಎತ್ತರಿಸಬೇಕೆಂದು. ನಮ್ಮ ಶಿಕ್ಷಕಿಯೂ ತಂಡದಲ್ಲಿದ್ದಾಗಲೇ ರಜೆಯ ದಿನಗಳನ್ನೆಲ್ಲ ಬೋಧನಾ ತರಬೇತಿಗೆ ಕೊಟ್ಟವರು.

ಅದರ ಫಲವನ್ನು ನಾನು ಬೆಳಗಾವಿಯಲ್ಲಿ ಕಣ್ಣಾರೆ ಕಂಡೆ. ಕಳೆದ ಡಿಸೆಂಬರಿನಲ್ಲಿ ನಾವಿಬ್ಬರೂ ಊರಿನಲ್ಲಿದ್ದಾಗ, ಭರತನಾಟ್ಯ ಕಲಿಯುತ್ತಿರುವ ಓಣಿಯ ಹುಡುಗಿಯರ ಒತ್ತಾಯಕ್ಕೆ ಶಿಕ್ಷಕಿಯ ಮನೆಯ ಪಡಸಾಲೆಯಲ್ಲಿ ಒಂದು ಬೆಳಿಗ್ಗೆ ಪಾಠ ನಡೆಯಿತು. ನೆಲಕ್ಕೆ ಶಹಾಬಾದಿ ಪರಸಿ ಹಾಸಿತ್ತು. ಅವರು ಮೊದಲು ಮಾಡಿದ ಕೆಲಸವೆಂದರೆ ಮಂಡಿಯೂರಿ ಕುಳಿತು ಆ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಇವತ್ತ ಜಿಗಿಯೂದು ಬ್ಯಾಡ" ಎಂದದ್ದು. ನೆಗೆದು ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಕಾಲಿನ ಮೇಲೆ ಬೀಳುವುದರಿಂದ ಬ್ಯಾಲೆಗೆ ಕೆಳಗಿನಿಂದ ಸ್ವಲ್ಪ ತಗ್ಗಿ ಏಳುವ ಮರದ ನೆಲವೇ ಬೇಕು. ಮಕ್ಕಳು ಕಿಟಕಿಯ ಕಟ್ಟೆ ಹಿಡಿದು ನಿಂತರು. ಭರತನಾಟ್ಯದ ಅರೆಮಂಡಿ, ಅಂದರೆ ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕುಳಿತು ನಿಲ್ಲುವ ಭಂಗಿ, ಬಲ್ಲ ಮಕ್ಕಳಾದ್ದರಿಂದ ಪಾದಗಳನ್ನು ಹೊರಕ್ಕೆ ತಿರುಗಿಸುವುದು ಅವರಿಗೆ ಹೊಸದಾಗಿರಲಿಲ್ಲ. ಆದರೆ ಒಬ್ಬಳು ಗೆಳತಿಯರಿಗಿಂತ ಹೆಚ್ಚು ತಿರುಗಿಸುವ ಹುರುಪಿನಲ್ಲಿ ಪಾದವನ್ನು ಮಾತ್ರ ಹೊರಳಿಸಿದ್ದಳು. ಮೊಣಕಾಲು ಮುಂದಕ್ಕೇ ನೋಡುತ್ತಿತ್ತು, ಅಂಗಾಲಿನ ಕಮಾನು ಒಳಕ್ಕೆ ಕುಸಿದಿತ್ತು. ಶಿಕ್ಷಕಿ ಅವಳ ಸೊಂಟದ ಕೀಲಿನ ಮೇಲೆ ಎರಡು ಬೆರಳಿಟ್ಟು, "ಇಲ್ಲಿಂದ ತಿರುಗಬೇಕು ತಂಗಿ, ಪಾದ ತಾನ ಬರ್ತದ" ಎಂದು ಪಾದಗಳನ್ನು ಒಂದಿಷ್ಟು ಒಳಕ್ಕೆ ಸರಿಸಿದರು. ಕೋನ ಕಿರಿದಾದದ್ದನ್ನು ಕಂಡು ಹುಡುಗಿಯ ಮುಖ ಸಣ್ಣದಾಯಿತು. "ಇಷ್ಟ ನಿಂದು. ಇದನ್ನ ಗಟ್ಟಿ ಮಾಡ್ಕೊ, ಮುಂದಿಂದು ಮುಂದ" ಎಂದ ಅವರು ಆ ಮಗು ಮತ್ತೆ ನಗುವವರೆಗೂ ಅಲ್ಲಿಂದ ಕದಲಲಿಲ್ಲ.

ತಾರುಣ್ಯದಲ್ಲಿ ಕುಸ್ತಿ ಆಡಿದ ಅವರ ಕಾಕಾ ಬಾಗಿಲಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಪಾಠ ಮುಗಿದ ಮೇಲೆ, "ಅಂದ್ರ ನೀ ಈಗ ವಸ್ತಾದ ಆದಿ ಅನ್ನು" ಎಂದರು. ಅಖಾಡದಿಂದ ಎದ್ದು ಬಂದು ಹುಡುಗರನ್ನು ತಯಾರು ಮಾಡಲು ನಿಂತ ಪೈಲವಾನನನ್ನು ನಮ್ಮ ಊರಿನಲ್ಲಿ ಯಾರೂ "ಪಾಪ" ಎನ್ನುವುದಿಲ್ಲ. ಅವನ ಎದುರು ಧ್ವನಿ ತಗ್ಗಿಸುತ್ತಾರೆ.

ನೃತ್ಯದಲ್ಲಿ ಈ ಗೌರವಕ್ಕೆ ಇನ್ನೂ ಒಂದು ಕಾರಣವಿದೆ. ಬ್ಯಾಲೆಯ ಚಲನೆಗಳನ್ನು ಬರೆದಿಡುವ ಲಿಪಿಗಳು ಬಂದಿವೆ: ಲಾಬನ್ ಅವರದು 1928ರಲ್ಲಿ, ಬೆನೆಶ್ ದಂಪತಿಯದು 1955ರಲ್ಲಿ. ಹಾಗಿದ್ದರೂ ಒಂದು ಪಾತ್ರದ ಜೀವಾಳ ಹಿಂದೆ ಅದನ್ನು ಕುಣಿದವರು ಎದುರು ನಿಂತು ತೋರಿಸಿದಾಗಲೇ ದಾಟಿಹೋಗುತ್ತದೆ. ನಮ್ಮ ಭಾಗದ ಜನಪದ ಬಯಲಾಟವಾದ ಶ್ರೀಕೃಷ್ಣ ಪಾರಿಜಾತವೂ ಹಾಗೆಯೇ ಬಂದದ್ದು. ಕುಲಗೋಡ ತಮ್ಮಣ್ಣ ಬೆಳೆಸಿದ ಆಟ ಕೌಜಲಗಿ ನಿಂಗಮ್ಮನಂಥ ಕಲಾವಿದೆಯವರೆಗೆ ನಡೆದು ಬಂದದ್ದು ತಾಲೀಮಿನಿಂದ. ಪದಗಳನ್ನು ಪುಸ್ತಕ ಉಳಿಸಿತು, ಹೆಜ್ಜೆಯನ್ನೂ ಧಾಟಿಯನ್ನೂ ಉಳಿಸಿದವರು ಕಲಿಸಿದವರು. ರಂಗ ಬಿಟ್ಟ ನೃತ್ಯಗಾರರಿಗೆ ಮುಂದಿನ ವೃತ್ತಿ ಕಲಿಯಲು ನೆರವಾಗುವ ನಿಧಿಗಳು ಬ್ರಿಟನ್ನಿನಲ್ಲಿವೆ. ವಯಸ್ಸಾದ ಪಾರಿಜಾತ ಕಲಾವಿದರಿಗೆ, ಅವರು ಕಲಿಸುತ್ತಿರುವಷ್ಟು ಕಾಲವಾದರೂ, ಅಂಥದೊಂದು ಆಸರೆ ಇರಬೇಕಿತ್ತು ಎಂಬ ಕೊರಗು ನನಗಿದೆ.

ಇನ್ನು ನಮ್ಮ ಮನೆಯ ಮಾತು. ರಾಜ್ಯೋತ್ಸವಕ್ಕೆ ಮಕ್ಕಳಿಂದ ತುದಿಗಾಲಿನ ನೃತ್ಯ ಮಾಡಿಸಬೇಕೆಂದು ಕೆಲವು ಪಾಲಕರು ಕೇಳಿದ್ದಾರೆ, ಶಿಕ್ಷಕಿ ಒಪ್ಪಿಲ್ಲ. ಆ ನೃತ್ಯಕ್ಕೆ ತೊಡುವ ಬೂಟಿನ ಮೂತಿಯಲ್ಲಿ ಮರದ ತುಂಡು ಇರುತ್ತದೆಂದು ಹಲವರು ತಿಳಿದಿದ್ದಾರೆ. ಇರುವುದು ಅಂಟು ಹಚ್ಚಿ ಪದರ ಪದರವಾಗಿ ಗಟ್ಟಿಮಾಡಿದ ಬಟ್ಟೆ ಮತ್ತು ಕಾಗದ; ವೃತ್ತಿಪರರ ಕಾಲಲ್ಲಿ ಒಂದು ಜೊತೆ ಒಂದೇ ಪ್ರದರ್ಶನಕ್ಕೆ ಮೆತ್ತಗಾಗಿಬಿಡಬಹುದು. ಮೈಭಾರವನ್ನು ಹೊರುವುದು ಕಾಲೇ ಹೊರತು ಬೂಟಲ್ಲ. ಆದ್ದರಿಂದ ಹಲವು ವರ್ಷಗಳ ಅಭ್ಯಾಸವಾಗಿ, 11 ಅಥವಾ 12ರ ವಯಸ್ಸು ದಾಟಿ, ಪಾದ ಮತ್ತು ಬೆನ್ನು ಬಲಿತ ಮೇಲಷ್ಟೇ ಅದನ್ನು ತೊಡಿಸುತ್ತಾರೆ. ನಮ್ಮ ತರಗತಿಗೆ ಸೇರಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇನ್ನೂ 8, 9 ವರ್ಷ. ಈ ವರ್ಷದ ರಾಜ್ಯೋತ್ಸವದ ಪಟ್ಟಿಯಲ್ಲಿ ಅವರ ತರಗತಿಯ ಪ್ರದರ್ಶನವನ್ನು ಸೇರಿಸದಿರಲಿ, ತರಗತಿಯನ್ನು ಸಮುದಾಯ ಭವನದ ಕಾಂಕ್ರೀಟ್ ಕೋಣೆಯಿಂದ ಮರದ ನೆಲವಿರುವ ಬಾಡಿಗೆ ಕೋಣೆಗೆ ವರ್ಗಾಯಿಸಲಿ, ಮತ್ತು ಶಿಕ್ಷಕಿಗೆ ಗೌರವಧನದ ಬದಲು ವೃತ್ತಿಗೆ ತಕ್ಕ ಸಂಭಾವನೆಯನ್ನೇ ಕೊಡಲಿ ಎಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ಬಾಡಿಗೆಯ ಹೆಚ್ಚುವರಿ ಹೊರೆಗೆ ಕೈಜೋಡಿಸಲು ಇಚ್ಛಿಸುವ ಪಾಲಕರು ಮುಂದಿನ ಸಭೆಗೆ ಮೊದಲು ಖಜಾಂಚಿಯವರಿಗೆ ತಿಳಿಸಬೇಕಾಗಿ ವಿನಂತಿ.