ಸ್ವರ ಬಂತು, ಬಾಯಮ್ಮ

ನಿನ್ನೆ ಯುಕೆಜಿ ಮಕ್ಕಳಿಗೆ ಪೂರ್ತಿ ಒಂದು ಕತೆ ಹೇಳಿದೆ. ಅದೇ ಹಳೆಯ ಕಾಗಕ್ಕ ಗುಬ್ಬಕ್ಕನ ಕತೆ. ಹೆಚ್ಚೆಂದರೆ ಆರು ನಿಮಿಷ. ಜುಲೈಯಿಂದ ಈ ಡಿಸೆಂಬರ್ ತನಕ ನಾನು ಕಾದದ್ದು ಆ ಆರು ನಿಮಿಷಕ್ಕೆ. ಇನ್ನು ಮಾತಾಡಬಹುದು, ಆದರೆ ಕಿರುಚಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಕ್ರಿಸ್ಮಸ್ ರಜೆ ಶುರುವಾಗುವ ಮೊದಲೇ ಎಲ್ಲರಿಗೂ ಒಂದು ಮಾತು ಹೇಳಿಬಿಡಬೇಕು ಅನ್ನಿಸಿತು.

ಸ್ವರ ಒಡೆದು ನನ್ನ ಗಂಟಲಿಗೆ ಆಪರೇಶನ್ ಆಗಿತ್ತು. ಅದರ ವಿವರವೆಲ್ಲ ಇಲ್ಲಿ ಬರೆಯುವುದಿಲ್ಲ. ಟೀಚರುಗಳಿಗೆ ಮಾತ್ರ ಒಂದು ಮಾತು. ಸ್ವರ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ದಯವಿಟ್ಟು ಗಂಟಲಿನ ಡಾಕ್ಟರರಿಗೆ ತೋರಿಸಿ. ಕಷಾಯ ಕುಡಿದು ದಿನ ದೂಡಬೇಡಿ. ನಾನು ದೂಡಿದೆ. ಮಂಗಳೂರಿನ ಮಳೆಗಾಲ, ಹಂಚಿನ ಮಾಡು, ಎದುರಿಗೆ 31 ಮಕ್ಕಳು. ಮಳೆಗಿಂತ ಜೋರಾಗಿ ಹಾಡಿ ಹಾಡಿ ವರ್ಷಗಳೇ ಕಳೆದಿದ್ದವು.

ಸಂಬಳ ಕಡಿಮೆ ಮಾಡದೆ ರಜೆ ಕೊಟ್ಟ ಹೆಡ್‌ಮಿಸ್ಟ್ರೆಸ್ ಸಿಸ್ಟರ್, ಎರಡು ಕ್ಲಾಸು ಒಟ್ಟಿಗೆ ನೋಡಿಕೊಂಡ ಎಲ್‌ಕೆಜಿ ಟೀಚರ್, ದಿನಾ ಗಂಜಿ ಕಳಿಸಿದ ಪಕ್ಕದ ಮನೆಯ ಬ್ಯಾರಿ ಅಕ್ಕ, ಕುವೈಟಿನಲ್ಲಿ ಕೂತು ನನಗಿಂತ ಜಾಸ್ತಿ ಹೆದರಿದ ನನ್ನ ಗಂಡ, ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಸರಕಾರಿ ಶಾಲೆಯ ನನ್ನ ಗೆಳತಿ ಕೊಟ್ಟ ನಲಿ-ಕಲಿ ಕಾರ್ಡುಗಳ ಋಣವೂ ದೊಡ್ಡದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಅಂತ ಅಲ್ಲ. ರ ಗ ಸ ದ ಅ, ಈ ಐದರಿಂದ. ಐದೇ ಅಕ್ಷರ ಬಂದರೆ ಸಾಕು. ಸರ, ಅರಸ, ಅಗಸ, ಗರಗಸ, ಎಲ್ಲ ಮಗುವೇ ಓದುತ್ತದೆ. ಟೀಚರ್ ಬಾಯಿ ತೆರೆಯಬೇಕಾಗಿಲ್ಲ. ಅದು ನನಗೆ ಎಷ್ಟು ಉಪಕಾರವಾಯಿತು ಅಂತ ಅವಳಿಗೆ ಗೊತ್ತು.

ಇನ್ನು ಬಾಯಮ್ಮ.

ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಅಂತಲೇ ಕರೆಯುವುದು. ನಮ್ಮ ಶಾಲೆಯ ಆಯಾ ಅವರು. ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಬುತ್ತಿ ತೆರೆದು ಕೊಡುವುದು ಅವರ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ಆಪರೇಶನ್ ಆದ ರಾತ್ರಿ ನನ್ನ ಹತ್ತಿರ ಯಾರೂ ಇರಲಿಲ್ಲ. ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಸಂಜೆ ಏಳಕ್ಕೆ, ಜಡಿಮಳೆಯಲ್ಲಿ, ಕೊಡೆ ಮಡಚುತ್ತಾ ಬಾಯಮ್ಮ ಒಳಗೆ ಬಂದರು. ಚೀಲದಿಂದ ಒಂದು ಸ್ಲೇಟು, ಎರಡು ಕಡ್ಡಿ ತೆಗೆದು ಹಾಸಿಗೆಯ ಮೇಲಿಟ್ಟರು. ನಮ್ಮ ಕ್ಲಾಸಿನ ಸ್ಲೇಟೇ.

"ಮಾತಾಡಬಾರದಂತೆ ಅಲ್ವಾ ಟೀಚರ್ರೇ. ಬರೀರಿ."

ಮಧ್ಯರಾತ್ರಿ ತನಕ ನಾನು ಏನೂ ಬರೆಯಲಿಲ್ಲ. ಆಮೇಲೆ ಬರೆದೆ, "ಸ್ವರ ಬಾರದಿದ್ದರೆ?" ಬಾಯಮ್ಮ ಸ್ಲೇಟನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಸ್ವ, ರ. ಬಾ, ರ. ಯುಕೆಜಿ ಮಗು ಓದಿದ ಹಾಗೆ. ನನ್ನ ಹೆದರಿಕೆಯನ್ನು ಹಾಗೆ ಬಿಡಿಸಿ ಬಿಡಿಸಿ ಕೇಳಿದಾಗ ನನ್ನಿಂದ ತಡೆಯಲಾಗಲಿಲ್ಲ. ಅಳುವಾಗಲೂ ಸದ್ದು ಬರಬಾರದು ಅಂತ ಹೇಳಿದ್ದರು. ಬಾಯಿಗೆ ದಿಂಬು ಒತ್ತಿಕೊಂಡು ಅತ್ತೆ. ಹಾಡು ಹೇಳಲು ಬಾರದ ನರ್ಸರಿ ಟೀಚರ್ ಅಂದರೆ ಏನು? ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಅವತ್ತು ರಾತ್ರಿ ದೇವರ ಮೇಲೂ ಸಿಟ್ಟಿತ್ತು.

ಎಲ್ಲ ಸರಿಯಾಗುತ್ತದೆ ಅಂತ ಬಾಯಮ್ಮ ಹೇಳಲಿಲ್ಲ. ಸೆರಗಿನ ತುದಿಯಿಂದ ಸ್ಲೇಟು ಒರೆಸಿದರು. "ಮಳೆ ಹಾಡು ಉಂಟಲ್ಲ ಟೀಚರ್ರೇ, ಅದರ ಎರಡನೇ ಸಾಲು ನನಗೆ ಯಾವಾಗಲೂ ತಪ್ತದೆ. ಬರೆದು ಕೊಡಿ. ಮಕ್ಕಳಿಗೆ ಯಾರಾದರೂ ಹಾಡಬೇಕಲ್ಲ."

ನಾನು ಬರೆದೆ. ಅವರು ಓದಿದರು, ಸಣ್ಣ ಸ್ವರದಲ್ಲಿ ಹಾಡಿದರು. ತಪ್ಪಿದಲ್ಲಿ ನಾನು ಮಂಚದ ಕಂಬಿಗೆ ಬೆರಳಿನಿಂದ ತಟ್ಟಿದೆ. ಒರೆಸಿ ಮತ್ತೆ ಬರೆದೆ. ಬೆಳಗಿನ ಜಾವ ಮೂರು ಗಂಟೆಯ ಒಳಗೆ ಏಳು ಹಾಡು ಕಲಿತರು. ಡ್ರಿಪ್ ನೋಡಲು ಬಂದ ನರ್ಸ್ ಬೈಯುತ್ತಾರೆ ಅಂದುಕೊಂಡೆ. ಅವರು ಗೋಡೆಗೆ ಒರಗಿ ಆನೆಯ ಹಾಡು ಮುಗಿಯುವ ತನಕ ಕೇಳಿದರು. ಕೊನೆಗೆ ಬಾಯಮ್ಮ ಜಪಸರ ತೆಗೆದರು. ನಾನು ಮನಸ್ಸಲ್ಲೇ ಕಟೀಲಮ್ಮನನ್ನು ನೆನೆದು ಕಣ್ಣು ಮುಚ್ಚಿದೆ. ಅವತ್ತು ನಿದ್ದೆ ಬಂತು.

ಆಗಸ್ಟಿನಲ್ಲಿ ನಾನು ಕ್ಲಾಸಿಗೆ ಮರಳಿದಾಗ ದಿನಕ್ಕೆ ಕೆಲವೇ ಮಾತಿಗೆ ಅನುಮತಿ ಇತ್ತು. ಪಿಸುಗುಟ್ಟಲೂಬಾರದು. ಪಿಸುಮಾತು ಗಂಟಲಿಗೆ ಹಗುರ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ, ಅದು ಹಾಗಲ್ಲವಂತೆ. ಹಾಗಾಗಿ ಎಲ್ಲವೂ ಕೈಯಲ್ಲಿ. ಒಂದು ಚಪ್ಪಾಳೆಗೆ ಕೂರುವುದು, ಎರಡಕ್ಕೆ ಏಳುವುದು, ಮೂರಕ್ಕೆ ಸಾಲು. ಸ್ಯಾಂಡ್‌ಪೇಪರಿನಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸಿದರು. ಆಮೇಲೆ ಅದೇ ಅಕ್ಷರವನ್ನು ಮುಂದೆ ಕೂತವರ ಬೆನ್ನ ಮೇಲೆ ಬರೆದರು. "ಗ! ನಂಗೆ ಗ ಬಂತು!" ಬೆನ್ನಿನಿಂದ ಓದುವುದು ಕಣ್ಣಿನಿಂದ ಓದುವುದಕ್ಕಿಂತ ಅವರಿಗೆ ಇಷ್ಟ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳಿಗೆ ನನ್ನ ಕನ್ನಡ ಅರ್ಥವಾಗದೆ ಎಷ್ಟೋ ಸಲ ಸುಮ್ನೆ ಕೂತಿರುತ್ತಿದ್ದರು ಅಂತ ನನಗೆ ಆಗಲೇ ಗೊತ್ತಾದದ್ದು. ಕೈ ಎಲ್ಲರಿಗೂ ಅರ್ಥವಾಗುತ್ತಿತ್ತು.

ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದಿಂದಾಗಿ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದು ಟೀಚರುಗಳನ್ನು ತಯಾರು ಮಾಡಿದರು ಅಂತ ಟ್ರೈನಿಂಗಿನಲ್ಲಿ ಓದಿದ್ದೆ. ಅವರದೊಂದು ಮೌನದ ಆಟ ಇದೆ. ಮಕ್ಕಳು ಅಲುಗಾಡದೆ ಕೂರಬೇಕು. ದೂರದಿಂದ ಯಾರೋ ಮೆಲ್ಲಗೆ ಹೆಸರು ಕರೆಯುತ್ತಾರೆ. ಕೇಳಿಸಿದ ಮಗು ಸದ್ದಿಲ್ಲದೆ ಎದ್ದು ಹೋಗಬೇಕು. ಪರೀಕ್ಷೆಗೆ ಬರೆದಿದ್ದೆನೇ ಹೊರತು ಕ್ಲಾಸಿನಲ್ಲಿ ಮಾಡಿಸಿರಲಿಲ್ಲ. ಈಗ ಬಾಯಮ್ಮ ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದರು. 31 ಹೆಸರೂ ಅವರಿಗೆ ಬಾಯಿಪಾಠ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರೂ ಗೊತ್ತು. ಒಂದು ನಿಮಿಷವೂ ಕೂರದ ಹುಡುಗ ತನ್ನ ಹೆಸರಿಗಾಗಿ ಉಸಿರು ಬಿಗಿಹಿಡಿದು ಕಾದದ್ದನ್ನು ನೋಡಿದೆ.

"ಮಾತು ಬಾರದ ಟೀಚರ್ ಏನು ಕಲಿಸ್ತಾರೆ" ಅಂತ ಒಬ್ಬರು ಪೋಷಕರು ಆಫೀಸಿಗೆ ಬಂದು ಕೇಳಿದ್ದರು. ನೋವಾಗಿತ್ತು. ಅದೇ ವಾರ ಮೊಂತಿ ಹಬ್ಬದ ಹೂವು ಶುರುವಾಯಿತು. ಸೆಪ್ಟೆಂಬರ್ 8ರಂದು ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂವು ತರುತ್ತಾರೆ. ನಾನೂ ಬಾಯಮ್ಮನೂ ಆ ಹೂವನ್ನೆಲ್ಲ ಚಾಪೆಯ ಮೇಲೆ ಸುರಿದೆವು. ದಾಸವಾಳ ಒಂದು ಕಡೆ, ಕೇಪುಳ ಒಂದು ಕಡೆ, ಅಬ್ಬಲಿಗೆ ಒಂದು ಕಡೆ. ಹತ್ತರ ಗುಂಪು ಮಾಡಿ ಎಣಿಸಿದರು. ಹಬ್ಬದ ಮರುದಿನ ಬಾಯಮ್ಮ ಚರ್ಚಿನಲ್ಲಿ ಹಂಚಿದ ಹೊಸ ತೆನೆ ತಂದರು. ಒಂದೊಂದು ಮಗುವಿನ ಕೈಗೆ ನಾಲ್ಕು ನಾಲ್ಕು ಕಾಳು. ಉಗುರಿನಿಂದ ಸಿಪ್ಪೆ ತೆಗೆದು ಒಳಗಿನ ಎಳೆ ಅಕ್ಕಿ ನೋಡಿದರು, ತಿಂದರು. "ನಮ್ಮಲ್ಲಿ ಇದಕ್ಕೆ ಪುದ್ವಾರ್" ಅಂತ ಒಬ್ಬಳು. "ನಮ್ಮಲ್ಲಿ ನೊವೆಂ" ಅಂತ ಇನ್ನೊಬ್ಬ. ಅನ್ನ ಗದ್ದೆಯಿಂದ ಬರುತ್ತದೆ ಅಂತ ನಾನು ಎಷ್ಟೋ ವರ್ಷ ಚಿತ್ರ ತೋರಿಸಿ ಹೇಳಿದ್ದೇನೆ. ಅವತ್ತು ಹೇಳಬೇಕಾಗಲಿಲ್ಲ. ಆ ಪೋಷಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮರುದಿನ ಒಂದು ಬುಟ್ಟಿ ಹೂವು ಕಳಿಸಿದರು. ಅವರಿಗೂ ಧನ್ಯವಾದ.

ಬಾಯಮ್ಮ, ನೀವು ಇದನ್ನು ಓದುವುದಿಲ್ಲ ಅಂತ ಗೊತ್ತು. ನಿಮ್ಮ ಮೊಮ್ಮಗಳಿಗೆ ಹೇಳಿದ್ದೇನೆ, ಓದಿ ಹೇಳುತ್ತಾಳೆ. ನಿಮ್ಮ ಕೆಲಸದ ಪಟ್ಟಿಯಲ್ಲಿ ಹಾಡುವುದು ಇರಲಿಲ್ಲ. ಆಸ್ಪತ್ರೆಯಲ್ಲಿ ಕೂರುವುದೂ ಇರಲಿಲ್ಲ. ಅವತ್ತಿನ ರಿಕ್ಷಾದ ದುಡ್ಡನ್ನೂ ನೀವು ತೆಗೆದುಕೊಂಡಿಲ್ಲ.

ನಿನ್ನೆ ಕತೆ ಮುಗಿದಾಗ ಮುಂದಿನ ಸಾಲಿನ ಹುಡುಗ ಎದ್ದು ಬಂದು ನನ್ನ ತುಟಿಯ ಮೇಲೆ ಬೆರಳಿಟ್ಟ. "ಸಾಕು ಟೀಚರ್, ನೋವಾಗ್ತದೆ. ಇನ್ನು ಬಾಯಮ್ಮ ಹಾಡಲಿ." ಬಾಯಮ್ಮ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದರು. ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದರು.