ನಿಮ್ಮಮ್ಮ ಕೇಳಿದ ಪ್ರಶ್ನೆಗೆ ಉತ್ತರ

ಹನುಮಂತನಗರ, ಬೆಂಗಳೂರು

ಪ್ರೀತಿಯ ಗೆಳೆಯ,

ಕಳೆದ ಭಾನುವಾರ ಜಯನಗರದ ನಿಮ್ಮನೆಯಲ್ಲಿ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ನಮ್ಮ ಸಾಹಸದ ಆಟಕ್ಕೆ ನಾವು ನಾಲ್ವರೂ ನಮ್ಮ ನಮ್ಮ ಪಾತ್ರಗಳ ಹಿಂದಿನ ಕಥೆ ಓದಿದೆವಲ್ಲ, ಅದೇ ತಲೆಯಲ್ಲಿ ಕೂತಿದೆ. ಒಬ್ಬನ ಹಳ್ಳಿಯನ್ನು ಓರ್ಕ್‌ಗಳು ಸುಟ್ಟಿದ್ದವು. ಒಬ್ಬಳ ಹೆತ್ತವರನ್ನು ಡ್ರ್ಯಾಗನ್ ಕೊಂದಿತ್ತು. ಇನ್ನೊಬ್ಬನನ್ನು ಹುಟ್ಟಿದ ರಾತ್ರಿಯೇ ಗುಡಿಯ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ನನ್ನ ಬೇಟೆಗಾರ್ತಿಯ ಅಪ್ಪ ಅಮ್ಮ ಸಾಂಕ್ರಾಮಿಕ ರೋಗಕ್ಕೆ ಹೋಗಿದ್ದರು. ಅಷ್ಟರಲ್ಲಿ ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಬಂದ ನಿಮ್ಮಮ್ಮ, "ಅಲ್ರೋ, ಎಲ್ರ ಅಪ್ಪ ಅಮ್ಮನೂ ಯಾಕ್ರೋ ಸತ್ತೋಗಿದಾರೆ?" ಅಂದರು. "ಆಟ ಇರೋದೇ ಹಾಗಮ್ಮ" ಅಂದುಬಿಟ್ಟೆ ನೀನು. ಅವರು ಸುಮ್ಮನೆ ಒಳಗೆ ಹೋದರು. ಆ ಉತ್ತರ ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಸಾಯಿಸುತ್ತೇವೆ ಅನ್ನೋದು ನಮ್ಮಿಬ್ಬರಿಗೂ ಗೊತ್ತು. ಬದುಕಿರುವ ಯಾವ ತಾಯಿ ಹದಿನೆಂಟರ ಮಗಳನ್ನು ಕತ್ತಿ ಕೊಟ್ಟು ಗವಿಯೊಳಗೆ ಕಳಿಸುತ್ತಾಳೆ? ಇನ್ನೊಂದು ಭಯ ನಿನ್ನದೇ. ಅಪ್ಪನೋ ತಂಗಿಯೋ ಇದ್ದಾರೆ ಅಂತ ಪಾತ್ರದ ಹಾಳೆಯಲ್ಲಿ ಬರೆದರೆ, ಡಿಎಂ ಆಗಿ ಕಥೆ ನಡೆಸುವ ನೀನು ಮೂರನೇ ವಾರಕ್ಕೆ ಅವರನ್ನು ಖಳನ ಕೈಗೆ ಒತ್ತೆಯಾಳಾಗಿ ಕೊಡುತ್ತೀಯ. ಅದರ ಬದಲು ನಾವೇ ಮೊದಲು ಮಣ್ಣು ಮಾಡಿಬಿಡುತ್ತೇವೆ.

ಕಂಪ್ಯೂಟರ್ ಆಟಗಳಲ್ಲೂ ಹೆಚ್ಚುಕಡಿಮೆ ಹೀಗೇ. 1998ರ 'ಬಾಲ್ಡರ್ಸ್ ಗೇಟ್'ನಲ್ಲಿ ಸಾಕುತಂದೆ ಗೋರಿಯನ್ ನಮ್ಮನ್ನು ಕೋಟೆಯಿಂದ ಹೊರಗೆ ಕರೆತಂದ ರಾತ್ರಿಯೇ ಸಾಯುತ್ತಾನೆ. 2009ರ 'ಡ್ರ್ಯಾಗನ್ ಏಜ್: ಆರಿಜಿನ್ಸ್'ನಲ್ಲಿ ಶ್ರೀಮಂತರ ಮನೆಯ ಮಗನಾಗಿ ಶುರು ಮಾಡಿದರೆ, ಗಾಯಗೊಂಡು ಬಿದ್ದ ಅಪ್ಪನ ಪಕ್ಕದಲ್ಲೇ ಉಳಿಯುತ್ತೇನೆ ಅಂತ ಅಮ್ಮ ನಮ್ಮನ್ನು ಮಾತ್ರ ಕಳಿಸುತ್ತಾಳೆ. ಸಾಯದೆ ಉಳಿದ ತಾಯಂದಿರಿಗೆ ಹೊಸ್ತಿಲೇ ಗತಿ. ಮೊದಲ 'ಪೋಕೆಮಾನ್' ಆಟದ ಅಮ್ಮ ಗಂಡುಮಕ್ಕಳು ಒಂದಿನ ಮನೆ ಬಿಡುವವರೇ ಅನ್ನುವಂಥ ಒಂದು ಮಾತು ಹೇಳಿ ಬೀಳ್ಕೊಡುತ್ತಾಳೆ. ಎಷ್ಟು ಊರು ಗೆದ್ದು ಬಂದರೂ ಅವಳು ಅದೇ ಮನೆಯಲ್ಲಿರುತ್ತಾಳೆ, ನಮ್ಮ ಪ್ರಾಣಿಗಳಿಗೆ ದಣಿವಾರಿಸಿ ಮತ್ತೆ ಕಳಿಸುತ್ತಾಳೆ. ಅಪ್ಪನ ಸುದ್ದಿಯೇ ಇಲ್ಲ.

ಅನಾಥ ವೀರ ನಮಗೇನೂ ಹೊಸಬನಲ್ಲ ಬಿಡು. ದಾದಿಯ ಮಡಿಲಲ್ಲಿ ಬೆಳೆದ ಚಂದ್ರಹಾಸ ಅನಾಥನೇ. ಆದರೆ ನೀನೂ ನಾನೂ ನಿದ್ದೆಗೆಟ್ಟು ನೋಡಿದ ಯಕ್ಷಗಾನ ಬಭ್ರುವಾಹನನದು. ಅಲ್ಲಿ ಅಪ್ಪ ಬದುಕಿದ್ದಾನೆ, ಅಮ್ಮ ಬದುಕಿದ್ದಾಳೆ. ಕಟ್ಟಿದ ಕುದುರೆಯನ್ನು ಒಪ್ಪಿಸಿ ಕಾಲಿಗೆ ಬೀಳಲು ಬಂದ ಮಗನನ್ನು ಅರ್ಜುನ ಜರೆಯುತ್ತಾನೆ, ಚಿತ್ರಾಂಗದೆಯ ಶೀಲವನ್ನೇ ಎತ್ತಿ ಆಡುತ್ತಾನೆ. ಆಮೇಲಿನ ಯುದ್ಧ, ತಂದೆಯ ಸಾವು, ತಾಯಿಯ ಗೋಳು, ಪಾತಾಳದಿಂದ ತರಬೇಕಾದ ಮಣಿ ಎಲ್ಲ ಹುಟ್ಟುವುದು ಆ ಒಂದು ಗಳಿಗೆಯಿಂದ. ಅಪ್ಪ ಮೊದಲೇ ಸತ್ತಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಇಂಥ ಧೈರ್ಯ ಮಾಡಿದ ಆಟಗಳೂ ಇವೆ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 'ಅರ್ಥ್‌ಬೌಂಡ್'. ಜಪಾನಿನಲ್ಲಿ 1994ರಲ್ಲಿ ಬಂದಾಗ ಅದರ ಹೆಸರು 'ಮದರ್ 2'. ಅದರ ಅಪ್ಪ ಬರೀ ಫೋನಿನ ದನಿ, ಮುಖ ಕೊನೆಯವರೆಗೂ ಕಾಣುವುದಿಲ್ಲ. ಹೋರಾಡಿ ಗಳಿಸಿದ್ದಕ್ಕೆ ಬ್ಯಾಂಕಿಗೆ ದುಡ್ಡು ಹಾಕುತ್ತಾನೆ, ಆಟ ಸೇವ್ ಮಾಡಲು ಅವನಿಗೇ ಫೋನ್ ಮಾಡಬೇಕು, ತುಂಬ ಹೊತ್ತು ಆಡಿದರೆ ಅವನೇ ಫೋನ್ ಮಾಡಿ ಸ್ವಲ್ಪ ಸುಧಾರಿಸಿಕೋ ಅನ್ನುತ್ತಾನೆ. ಹುಡುಗನಿಗೆ ಮನೆ ನೆನಪಾಗತೊಡಗಿದರೆ ಯುದ್ಧದ ನಡುವೆ ಕೈಯೇ ಓಡುವುದಿಲ್ಲ, ಅಮ್ಮನ ಜೊತೆ ಮಾತಾಡಿದ ಮೇಲೆಯೇ ಸರಿಹೋಗುವುದು. ಕಾಲೇಜಿನ ಹಾಸ್ಟೆಲ್‌ನಲ್ಲಿ ಇದನ್ನು ಆಡುವಾಗ ನಾನು ಅತ್ತಿದ್ದೆ. ಯಾಕೆ ಅಂತ ಆಗ ನಿನಗೆ ಹೇಳಲಿಲ್ಲ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪನಿಗೆ ಬಳ್ಳಾರಿಗೆ ವರ್ಗವಾಗಿತ್ತು. ಭಾನುವಾರ ರಾತ್ರಿ ದರ ಇಳಿದ ಮೇಲೆ ಅಮ್ಮನೂ ನಾನೂ ಎಸ್‌ಟಿಡಿ ಬೂತಿನ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಮೀಟರಿನ ಕೆಂಪು ಅಂಕಿ ನೋಡುತ್ತಲೇ ಮಾತು. "ದುಡ್ಡು ಬಂತಾ? ಓದ್ತಿದೀಯಾ?" ಅಷ್ಟರಲ್ಲಿ ಮುಗಿಯುತ್ತಿತ್ತು. ಅದು ಪ್ರೀತಿ ಅಂತ ನನಗೆ ಹೇಳಿಕೊಟ್ಟಿದ್ದು ಆ ಆಟ.

'ಡ್ರ್ಯಾಗನ್ ಕ್ವೆಸ್ಟ್ 5' ಇನ್ನೂ ದೂರ ಹೋಗುತ್ತದೆ. 1992ರ ಆಟ ಅದು. ಮೊದಲು ನಾವು ಅಪ್ಪನ ಹಿಂದೆ ನಡೆಯುವ ಪುಟ್ಟ ಹುಡುಗ. ನಮ್ಮನ್ನು ಉಳಿಸಲೆಂದು ಅಪ್ಪ ತಿರುಗಿ ಹೊಡೆಯದೆ ಪ್ರಾಣ ಬಿಡುತ್ತಾನೆ. ಬೆಳೆದು, ಮದುವೆಯಾಗಿ, ಅವಳಿ ಮಕ್ಕಳಾದ ಮೇಲೆ ಶಾಪದಿಂದ ಕಲ್ಲಾಗಿ ಯಾರದೋ ಮನೆಯಂಗಳದಲ್ಲಿ ವರ್ಷಗಟ್ಟಲೆ ನಿಲ್ಲುತ್ತೇವೆ. ಕಣ್ಣೆದುರು ಬೇರೆಯವರ ಮಗು ಅಂಬೆಗಾಲಿಡುತ್ತದೆ. ಕೊನೆಗೆ ಹುಡುಕಿಕೊಂಡು ಬರುವವರು ನಮ್ಮ ಮಕ್ಕಳೇ. ದಂತಕಥೆಯ ವೀರನಿಗೇ ಮೀಸಲಾದ, ಅಪ್ಪನಿಗೂ ನಮಗೂ ಒಲಿಯದ ಕತ್ತಿ ಮಗನ ಕೈಗೆ ಒಲಿಯುತ್ತದೆ. ಇಷ್ಟು ಹೊತ್ತು ಆಡಿದ ನಾವು ಆ ದಂತಕಥೆಯ ವೀರನಲ್ಲ, ವೀರನ ತಂದೆ. ಮಗಳು ಹುಟ್ಟಿದ ಮೇಲೆ ಆ ಕಲ್ಲಿನ ಭಾಗವನ್ನು ಮತ್ತೆ ಆಡಿದೆ. ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕೂತಾಗೆಲ್ಲ ಅದೇ ನೆನಪು.

'ವಿಚರ್ 3' ಬಗ್ಗೆ ನೀನೇ ಗಂಟೆಗಟ್ಟಲೆ ಹೇಳಿದ್ದೀಯ, ಹಾಗಾಗಿ ಒಂದೇ ಮಾತು. ಕುಗ್ಗಿ ಕೂತ ಸಾಕುಮಗಳು ಸಿರಿಯ ಜೊತೆ ಹಿಮದುಂಡೆ ಎರಚಾಡಿದೆಯಾ, ಅವಳ ಮಾತುಕತೆಗೆ ಅವಳೊಬ್ಬಳನ್ನೇ ಬಿಟ್ಟೆಯಾ ಅನ್ನುವುದರ ಮೇಲೆ ಅವಳ ಅಳಿವು ಉಳಿವು ನಿಲ್ಲುತ್ತದೆ. ಸಾಕಿದವನ ಕತ್ತಿವರಸೆಯನ್ನು ಅಲ್ಲಿ ಯಾರೂ ಅಳೆಯುವುದಿಲ್ಲ.

ಆದರೂ ಇವುಗಳಲ್ಲಿ ತೂಕ ಸಿಕ್ಕಿದ್ದು ಹೆಚ್ಚಾಗಿ ಅಪ್ಪಂದಿರಿಗೆ. 'ಡ್ರ್ಯಾಗನ್ ಕ್ವೆಸ್ಟ್ 5'ರ ತಾಯಿಯೂ ದೂರದ ರಾಕ್ಷಸಲೋಕದ ಸೆರೆಯಾಳು. ನಿಮ್ಮಮ್ಮನ ಪ್ರಶ್ನೆ ನನ್ನನ್ನು ಚುಚ್ಚಿದ್ದು ಇಲ್ಲೇ. ಹೋದ ತಿಂಗಳು ಅಟ್ಟದ ಟ್ರಂಕಿನಲ್ಲಿ ಅಮ್ಮನ ಬಿ.ಎ. ಪರೀಕ್ಷೆಯ ಹಾಲ್ ಟಿಕೆಟ್ ಸಿಕ್ಕಿತು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ್ದು. ಅಪ್ಪ ಬಳ್ಳಾರಿಯಲ್ಲಿದ್ದ ವರ್ಷಗಳವೇ. ನಾನು ಮಲಗಿದ ಮೇಲೆ ಅಡುಗೆಮನೆಯ ದೀಪದಲ್ಲಿ ಓದುತ್ತಿದ್ದಳಂತೆ. ಆ ವರ್ಷಗಳ ಅಮ್ಮ ಅಂದರೆ ನನಗೆ ನೆನಪಿರುವುದು ಚಿತ್ರಾನ್ನದ ಡಬ್ಬಿ, ಬಾಗಿಲಲ್ಲಿ ಟಾಟಾ ಮಾಡುವ ಕೈ. ಪೋಕೆಮಾನಿನ ಅಮ್ಮ ಸುಳ್ಳಲ್ಲ ಗೆಳೆಯಾ, ಹನ್ನೊಂದು ವರ್ಷದ ಹುಡುಗನ ಕಣ್ಣಿಗೆ ಕಂಡಷ್ಟೇ ಅಮ್ಮ ಅವಳು. ನಾವು ನಲವತ್ತರ ಹತ್ತಿರ ಬಂದರೂ ಅದೇ ಎತ್ತರದಿಂದ ನೋಡಿ ಕಥೆ ಬರೆಯುತ್ತಿದ್ದೇವೆ.

ಹಾಗಾಗಿ ನನ್ನ ಹಾಳೆ ತಿದ್ದಿದ್ದೇನೆ. ಬೇಟೆಗಾರ್ತಿಯ ಅಮ್ಮ ಬದುಕಿದ್ದಾಳೆ, ನಲವತ್ತೇಳು ವರ್ಷ. ಅವಳನ್ನು ಒತ್ತೆಯಾಳು ಮಾಡಬೇಡ, ಇದೊಂದು ಕೋರಿಕೆ. ಅವಳು ನದಿಯಾಚೆಯ ಮಠಕ್ಕೆ ನಕ್ಷೆ ಬರೆಯಲು ಕಲಿಯುವುದಕ್ಕೆ ಹೋಗಿದ್ದಾಳೆ. ನಮ್ಮ ಪ್ರಯಾಣದಲ್ಲಿ ಎಲ್ಲಾದರೂ ಅವಳು ಬರೆದ ನಕ್ಷೆ ಸಿಗಲಿ, ಅದರಲ್ಲಿ ಒಂದು ತಪ್ಪೂ ಇರಲಿ. ಮಗಳು ಊರು ಬಿಡುವ ದಿನ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಮನೆಗೆ ಬೀಗ, ಕೀಲಿಕೈ ಪಕ್ಕದ ಮನೆಯಲ್ಲಿ.

ಭಾನುವಾರ ನಾಲ್ಕಕ್ಕೆ ಬರ್ತೀನಿ. ಈ ಕಾಗದ ನಿಮ್ಮಮ್ಮನಿಗೂ ಓದಿ ಹೇಳು.

ನಿನ್ನವ